ಮೆಟ್ರೊ ವಿಸ್ತರಣೆಗೆ ಮನವಿ ಬರೆಯುವವರಿಗೆ ಒಂದು ಸಲಹೆ

2024ರ ನವೆಂಬರ್‌ನಲ್ಲಿ ಬೆಂಗಳೂರು ಮೆಟ್ರೊದ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ಸುಮಾರು 3 ಕಿ.ಮೀ. ವಿಸ್ತರಣೆಗೊಂಡು ಮೂರು ಹೊಸ ನಿಲ್ದಾಣಗಳನ್ನು ಪಡೆದ ಮೇಲೆ, ಅದನ್ನು ತುಮಕೂರಿನವರೆಗೆ ಒಯ್ಯಬೇಕೇ ಎಂಬ ಚರ್ಚೆ ನಮ್ಮಲ್ಲೂ ಜೋರಾಗಿದೆ. ಹೊಸ ಮಾರ್ಗ ಬರಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಮನವಿಯಲ್ಲಿ ಈಗಿರುವ ನಿಲ್ದಾಣದ ಸೌಲಭ್ಯಗಳನ್ನೂ ತಪ್ಪದೆ ಕೇಳಿ.

‘ಫೀಡರ್ ಬಸ್ (ಬಡಾವಣೆಯಿಂದ ಮೆಟ್ರೊ ನಿಲ್ದಾಣಕ್ಕೆ ಒಯ್ಯುವ ಬಸ್) ಬೇಕು’ ಎಂದಷ್ಟೇ ಬರೆದರೆ ಸಾಲದು. ಯಾವ ಬಡಾವಣೆಯಿಂದ, ಬೆಳಿಗ್ಗೆ ಎಷ್ಟು ಗಂಟೆಗೆ, ನಿಲ್ದಾಣದ ಯಾವ ದ್ವಾರಕ್ಕೆ ಎಂಬುದನ್ನು ನಮೂದಿಸಿ. ಒಂದು ವಾರ ನೀವೇ ಬಸ್ಸಿಗೆ ಕಾದ ನಿಮಿಷಗಳನ್ನು ಬರೆದಿಟ್ಟು ಲಗತ್ತಿಸಿದರೆ ಇನ್ನೂ ಒಳ್ಳೆಯದು. ಮಳೆಯಲ್ಲಿ ಮಗುವನ್ನೆತ್ತಿಕೊಂಡು, ಲಾರಿಗಳ ನಡುವೆ ಸರ್ವಿಸ್ ರಸ್ತೆ ದಾಟುವ ತಾಯಿಗೆ ಹತ್ತು ಹೆಜ್ಜೆಯ ಪಾದಚಾರಿ ಮಾರ್ಗವೂ ದೊಡ್ಡ ಆಸರೆ. ಹಾಗೆ ರಸ್ತೆ ದಾಟುವ ಜಾಗದ ಫೋಟೊವನ್ನೂ ಜೊತೆಗಿಡಿ.