ಕಣ್ಣು ಮುಚ್ಚಲೇಬೇಕು ಅಂತಿಲ್ಲ: ತರಗತಿಯಲ್ಲಿ ಮೈಂಡ್‌ಫುಲ್‌ನೆಸ್ ಹೇಳಿಕೊಟ್ಟ ನನ್ನ ಅನುಭವ

ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣದಲ್ಲಿ ಏನಾಗುತ್ತಿದೆಯೋ ಅದರ ಕಡೆ ಗಮನ ಇಡುವ ಅಭ್ಯಾಸ. ಅದನ್ನು ಹೇಳಿಕೊಡಲು ನಿಂತವರ ಮೊದಲ ಮಾತು ಸಾಮಾನ್ಯವಾಗಿ "ಎಲ್ಲರೂ ಕಣ್ಣು ಮುಚ್ಚಿ" ಅಂತ ಇರುತ್ತದೆ. ನಾನು ಅದನ್ನು ಹೇಳುವುದಿಲ್ಲ. ನಮ್ಮ ತರಗತಿಯಲ್ಲಿ ಬೇಕಾದವರು ಕಣ್ಣು ಮುಚ್ಚಬಹುದು, ಬೇಡದವರು ಬೆಂಚಿನ ಮೇಲಿನ ಯಾವುದೋ ಗೆರೆ ನೋಡುತ್ತಾ ಕೂರಬಹುದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ತುಮಕೂರು ಜಿಲ್ಲೆಯ ಪಾವಗಡ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದರೆ ಹತ್ತನೇ ತರಗತಿಯಲ್ಲಿ ಏನಾಗುತ್ತದೆ ಅಂತ ಪಾಠ ಮಾಡುವವರಿಗೆಲ್ಲ ಗೊತ್ತು. ಹೊಟ್ಟೆನೋವು, ತಲೆನೋವು, ನಿದ್ದೆ ಇಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅಂಗೈ ಒದ್ದೆ. "ಮಿಸ್, ಓದಿದ್ದೆಲ್ಲ ಮರ್ತೋಯ್ತು" ಅಂತ ಅಳು. 625 ಅಂಕದ ಲೆಕ್ಕವನ್ನು ಮನೆಯಲ್ಲೂ ಕೇಳುತ್ತಾರೆ, ಶಾಲೆಯಲ್ಲಿ ನಾವೂ ಕೇಳುತ್ತೇವೆ. ಈ ಮಕ್ಕಳ ಕೈಗೆ ಏನಾದರೂ ಕೊಡಬೇಕು ಅನ್ನಿಸಿತು.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ, ಮೈಂಡ್‌ಫುಲ್‌ನೆಸ್ ಅಭ್ಯಾಸವೂ ಸೇರಿದ್ದ ಹ್ಯಾಪಿನೆಸ್ ತರಗತಿ ಶುರುವಾಯಿತು. ನರ್ಸರಿಯಿಂದ 8ನೇ ತರಗತಿವರೆಗಿನ ಮಕ್ಕಳಿಗೆ ಅದಕ್ಕೇ ಒಂದು ಪೀರಿಯಡ್ ಇಟ್ಟರು. ನಮಗೆ ಅಂಥ ಪೀರಿಯಡ್ ಇಲ್ಲ. ನನ್ನದೇ ಪೀರಿಯಡ್‌ನ ಮೊದಲ ಐದು ನಿಮಿಷ ತೆಗೆದುಕೊಂಡೆ. ಬಿಸಿಯೂಟ ಆದ ಮೇಲಿನ ಪೀರಿಯಡ್ ಬೇಡ, ಮಕ್ಕಳು ತೂಕಡಿಸುತ್ತಾರೆ. ಬೆಳಗ್ಗೆ ಪ್ರಾರ್ಥನೆ ಮುಗಿಸಿ ಬಂದಾಗ ಸರಿಯಾದ ಹೊತ್ತು.

ಶುರು ಮಾಡಿದ್ದು ಕಿವಿಯಿಂದ. ಒಂದು ಸ್ಟೀಲ್ ತಟ್ಟೆಗೆ ಚಮಚದಲ್ಲಿ ಒಂದೇ ಏಟು. ಸದ್ದು ಪೂರ್ತಿ ನಿಂತಿತು ಅನ್ನಿಸಿದಾಗ ಬೆರಳು ಎತ್ತಬೇಕು, ಅಷ್ಟೇ. ಎಲ್ಲರ ಬೆರಳು ಒಟ್ಟಿಗೆ ಏಳುವುದಿಲ್ಲ. ಕೊನೆಯ ಬೆಂಚಿನ ಹುಡುಗನಿಗೆ ಇನ್ನೂ ಕೇಳಿಸುತ್ತಿರುತ್ತದೆ, ಮುಂದಿನವನಿಗೆ ಆಗಲೇ ನಿಂತುಹೋಗಿರುತ್ತದೆ. ಆಮೇಲೆ ಹೊರಗಿನ ಸದ್ದುಗಳು. ಅಡುಗೆ ಕೋಣೆಯ ಪಾತ್ರೆ, ರಸ್ತೆಯ ಟ್ರ್ಯಾಕ್ಟರ್, ಪಕ್ಕದ ತರಗತಿಯ ಹಿಂದಿ ಮೇಷ್ಟ್ರು. ಕೇಳಿಸಿಕೊಳ್ಳುತ್ತಿರುವಾಗ ಮನಸ್ಸು ಎಲ್ಲೋ ಹೋಗುತ್ತದೆ. ಹೋಗಲಿ. ಹೋಗಿದೆ ಅಂತ ಗೊತ್ತಾದಾಗ ಬೈದುಕೊಳ್ಳದೆ ವಾಪಸ್ ತರುವುದೇ ಅಭ್ಯಾಸ. ಇದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು, ಯಾಕೆಂದರೆ ಮನಸ್ಸು ಓಡಿತು ಅಂದರೆ ತಾವು ಸೋತೆವು ಅಂದುಕೊಳ್ಳುತ್ತಾರೆ.

ಉಸಿರಿನ ವಿಷಯಕ್ಕೆ ವಿಜ್ಞಾನ ಪಾಠವೇ ದಾರಿಯಾಯಿತು. ಮಣಿಕಟ್ಟಿನ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ ಅಂದೆ. ಬರೆದುಕೊಂಡರು. ಆಮೇಲೆ ಮನಸ್ಸಲ್ಲೇ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಂಡು, ಆರು ಎಣಿಸುತ್ತಾ ನಿಧಾನಕ್ಕೆ ಬಿಡುವುದು. ಬಲವಂತವಾಗಿ ಹಿಡಿದಿಡುವುದು ಇಲ್ಲ. ಹೀಗೆ ಸ್ವಲ್ಪ ಹೊತ್ತು ಮಾಡಿ ಮತ್ತೆ ನಾಡಿ ಎಣಿಸಿದರು. ಕೆಲವರಿಗೆ ಚೆನ್ನಾಗಿ ಇಳಿದಿತ್ತು, ಕೆಲವರಿಗೆ ಹಾಗೇ ಇತ್ತು. ಎರಡನ್ನೂ ಬೋರ್ಡ್ ಮೇಲೆ ಬರೆದೆ. ಉಸಿರು ಹೊರಗೆ ಬಿಡುವಾಗ ಮೆದುಳಿನಿಂದ ಹೃದಯದವರೆಗೆ ಬರುವ ವೇಗಸ್ ನರದ ಹಿಡಿತ ಹೃದಯದ ಮೇಲೆ ಜಾಸ್ತಿಯಾಗುತ್ತದೆ, ಬಡಿತ ನಿಧಾನವಾಗುತ್ತದೆ. ಎಳೆದುಕೊಳ್ಳುವಾಗ ಸ್ವಲ್ಪ ಏರುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದ ಇರಲಿ ಅನ್ನುವುದು. ಮಿಸ್ ಹೇಳಿದರು ಅಂತ ನಂಬುವುದಕ್ಕೂ ತಮ್ಮ ನಾಡಿಯಲ್ಲೇ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇದನ್ನೇ ಪರೀಕ್ಷೆ ಕೋಣೆಗೂ ಒಯ್ದೆವು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರೆ. ಅದರಲ್ಲಿ ಮೊದಲ ಒಂದು ನಿಮಿಷ ಪತ್ರಿಕೆ ಮಗುಚಿಟ್ಟು, ಎರಡೂ ಪಾದ ನೆಲಕ್ಕೆ ಊರಿ, ನಾಲ್ಕೈದು ಉದ್ದ ಉಸಿರು ಬಿಡುವುದು. ಆಮೇಲೆ ಓದುವುದು. "ಫೇಲ್ ಆಗ್ತೀನಿ" ಅನ್ನುವುದು ತಲೆಗೆ ಬಂದರೆ "ಫೇಲ್ ಆಗ್ತೀನಿ ಅಂತ ಯೋಚನೆ ಬರ್ತಿದೆ" ಅಂದುಕೊಂಡು ಮುಂದಿನ ಪ್ರಶ್ನೆಗೆ ಹೋಗುವುದು.

ಇನ್ನು ಕಣ್ಣಿನ ವಿಷಯ. ಒಬ್ಬ ಹುಡುಗಿಗೆ ಉಸಿರಿನ ಅಭ್ಯಾಸ ಶುರುವಾದರೆ ಸಾಕು, ಮುಖ ಬಿಳುಚಿಕೊಳ್ಳುತ್ತಿತ್ತು. ಕೇಳಿದಾಗ ಗೊತ್ತಾಯಿತು, ಅವಳಿಗೆ ಚಿಕ್ಕಂದಿನಿಂದ ವೀಸಿಂಗ್. ಉಸಿರಿನ ಕಡೆ ಗಮನ ಹೋದರೆ ಎಲ್ಲಿ ಕಟ್ಟಿಕೊಳ್ಳುತ್ತೋ ಅಂತ ಭಯ. ಅವಳು ಈಗ ಪಾದದ ಕಡೆ ಗಮನ ಇಡುತ್ತಾಳೆ, ಇಲ್ಲವೇ ಕೈಯಲ್ಲಿ ತಣ್ಣಗಿನ ನೀರಿನ ಬಾಟಲಿ ಹಿಡಿಯುತ್ತಾಳೆ. ಇನ್ನೊಬ್ಬನ ಮನೆಯಲ್ಲಿ ರಾತ್ರಿ ಕುಡಿತದ ಗಲಾಟೆ. ಕಣ್ಣು ಮುಚ್ಚಿದರೆ ಅವನಿಗೆ ಕಾಣುವುದು ಅದೇ. ಅಂಥ ಮಗುವಿಗೆ "ಕಣ್ಣು ಮುಚ್ಚು, ಶಾಂತವಾಗಿರು" ಅನ್ನುವುದು ಅನ್ಯಾಯ ಅಲ್ವಾ? 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಝಿನ್ ಈ ತರಬೇತಿ ಶುರು ಮಾಡಿದ್ದು ದೊಡ್ಡವರಿಗೆ, ಆಸ್ಪತ್ರೆಗೆ ಬರುತ್ತಿದ್ದ ರೋಗಿಗಳಿಗೆ. ಅವರು ಬೇಕು ಅಂತ ಬಂದವರು. ನಮ್ಮ ಮಕ್ಕಳು ಬೆಲ್ ಹೊಡೆದಿದ್ದಕ್ಕೆ ಕೂತವರು. ಬೇಡ ಅನ್ನುವ ಸ್ವಾತಂತ್ರ್ಯ ಅವರಿಗೆ ಇರಲೇಬೇಕು.

ಇದೇ ಕಾರಣಕ್ಕೆ ಇದನ್ನು ಶಿಕ್ಷೆಯಾಗಿ ಬಳಸುವುದನ್ನೂ ನಾನು ಒಪ್ಪುವುದಿಲ್ಲ. "ಗಲಾಟೆ ಮಾಡಿದವರನ್ನ ಸುಮ್ನೆ ಧ್ಯಾನಕ್ಕೆ ಕೂರಿಸಿ ಮೇಡಂ" ಅನ್ನುವ ಸಲಹೆ ಸ್ಟಾಫ್ ರೂಮಿನಲ್ಲಿ ಬರುತ್ತಲೇ ಇರುತ್ತದೆ. ಒಂದು ಸಲ ಹಾಗೆ ಮಾಡಿದರೆ ಸಾಕು, ಮಕ್ಕಳು ಮತ್ತೆ ಅದರ ಹತ್ತಿರ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಮಿರಿಯಡ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. 2022ರಲ್ಲಿ ಫಲಿತಾಂಶ ಬಂತು. 8000ಕ್ಕೂ ಹೆಚ್ಚು ಮಕ್ಕಳು, ಹೆಚ್ಚಿನವರು 11ರಿಂದ 14 ವರ್ಷದವರು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಹೇಳಿಕೊಟ್ಟ ಶಾಲೆಗಳ ಮಕ್ಕಳ ಮಾನಸಿಕ ಆರೋಗ್ಯ, ಮಾಮೂಲಿ ಪಾಠ ನಡೆದ ಶಾಲೆಗಳಿಗಿಂತ ಸುಧಾರಿಸಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳೇ ಕಡಿಮೆ. ಇದನ್ನು ಓದಿ ನಾನು ಬಿಡಲಿಲ್ಲ. ಆದರೆ ಮಕ್ಕಳ ಖಿನ್ನತೆಗೆ ಇದೇ ಮದ್ದು ಅಂತ ಯಾರಿಗೂ ಹೇಳಲು ಹೋಗುವುದಿಲ್ಲ. ಮನೆಗೆ ಹೋಂವರ್ಕ್ ಕೊಡುವುದೂ ಇಲ್ಲ. ಏನಿದ್ದರೂ ತರಗತಿಯಲ್ಲೇ, ನಾನೂ ಜೊತೆಗೆ ಕೂತು.

ಪೋಷಕರ ಅನುಮಾನ ಬೇರೆ ಇತ್ತು. ಇದರಲ್ಲಿ ಮಂತ್ರ ಇದೆಯಾ, ದೇವರ ಹೆಸರು ಹೇಳಿಸುತ್ತೀರಾ ಅಂತ ಒಬ್ಬ ತಂದೆ ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರ ಕೈಗೇ ಒಂದೊಂದು ಹಸಿ ಕಡಲೆಕಾಯಿ ಕೊಟ್ಟೆ. ನಮ್ಮ ಕಡೆ ಎಲ್ಲರ ಹೊಲದ ಬೆಳೆ. ಮೊದಲು ಸಿಪ್ಪೆಯ ಗೀರು ಸವರಿ ನೋಡುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು, ಮಣ್ಣಿನ ವಾಸನೆ ತೆಗೆದುಕೊಳ್ಳುವುದು, ಆಮೇಲೆ ಒಡೆದು ಒಂದೇ ಬೀಜವನ್ನು ನಿಧಾನಕ್ಕೆ ಅಗಿಯುವುದು. "ಇಷ್ಟು ವರ್ಷ ಬೆಳೆದೀವಿ, ಹಿಂಗೆ ತಿಂದಿರ್ಲಿಲ್ಲ ಮೇಡಂ" ಅಂದರು ಒಬ್ಬ ಅಜ್ಜಿ. ಆಮೇಲೆ ಮಂತ್ರದ ಪ್ರಶ್ನೆ ಬರಲಿಲ್ಲ.

ಈ ಐದು ನಿಮಿಷದಿಂದ ನಿಜವಾಗಿ ಆದ ಉಪಕಾರ ಬೇರೆಯೇ. ಮಕ್ಕಳನ್ನು ನೋಡಲು ನನಗೆ ಹೊತ್ತು ಸಿಕ್ಕಿತು. ಪಾಠ ಮಾಡುವಾಗ ಕಾಣದ್ದು ಆಗ ಕಾಣುತ್ತದೆ. ಹತ್ತನೆಯ ಒಬ್ಬ ಹುಡುಗ ಯಾವ ಅಭ್ಯಾಸಕ್ಕೂ ಸ್ಪಂದಿಸುತ್ತಿರಲಿಲ್ಲ. ಸುಮ್ಮನೆ ಶೂನ್ಯ ನೋಡುತ್ತಿದ್ದ, ಊಟ ಬಿಡುತ್ತಿದ್ದ. ಒಂದು ದಿನ ತಾನಾಗಿ ಬಂದು "ಮಿಸ್, ರಾತ್ರಿ ಎಲ್ಲಾ ನಿದ್ದೆನೇ ಬರಲ್ಲ, ಬದುಕೋದೇ ಬೇಡ ಅನ್ಸುತ್ತೆ" ಅಂದ. ಇದು ಉಸಿರಾಟದಿಂದ ಹೋಗುವ ವಿಷಯ ಅಲ್ಲ. ಅವನನ್ನು ಒಬ್ಬನೇ ಬಿಡಲಿಲ್ಲ. ಅವತ್ತೇ ತಾಯಿಯನ್ನು ಕರೆಸಿದೆ, ನನ್ನ ಎದುರಿಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದೆ. ಕನ್ನಡದಲ್ಲೇ ಮಾತಾಡಿದರು. "ಹುಚ್ಚು ಅಂತಾರೆ ಜನ" ಅಂತ ತಾಯಿ ಅತ್ತರು. ಜ್ವರಕ್ಕೆ ಡಾಕ್ಟರ್ ಹತ್ತಿರ ಹೋಗಲ್ವಾ, ಹಾಗೇ ಇದೂ ಅಂದೆ. ಆಮೇಲೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಕರೆದುಕೊಂಡು ಹೋದರು.

14416 ಮತ್ತು ಮಕ್ಕಳ ಸಹಾಯವಾಣಿ 1098 ಈಗ ಪ್ರತಿ ತರಗತಿಯ ಗೋಡೆ ಮೇಲಿವೆ. ಮೈಂಡ್‌ಫುಲ್‌ನೆಸ್‌ಗೆ ಪಠ್ಯಕ್ರಮ ಬರೆಯುವ ಮೊದಲು ನಾಲ್ಕೈದು ಪ್ರೌಢಶಾಲೆಗಳಿಗೆ ಒಬ್ಬರಾದರೂ ಕೌನ್ಸೆಲರ್ ಕೊಡಿ ಅಂತ ನಾನು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ. ಇನ್ನೂ ಬಂದಿಲ್ಲ. ಅಲ್ಲಿವರೆಗೆ ನಮ್ಮ ಎಚ್.ಎಂ. ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ. ಆಸ್ಪತ್ರೆಗೆ ಹೋಗುವ ಮಕ್ಕಳ ಹಾಜರಾತಿಗೆ ತೊಂದರೆ ಆಗುವುದಿಲ್ಲ, ಕಾರಣವನ್ನು ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಆ ಹುಡುಗ ಕ್ಲಿನಿಕ್‌ಗೆ ಹೋದ ದಿನದ ನೋಟ್ಸನ್ನು ಪಕ್ಕದವನು ಬರೆದಿಟ್ಟಿರುತ್ತಾನೆ.