ಹ್ಯಾಕಿಂಗ್ ಕಲೀಬೇಕಾ? ಮೊದ್ಲು ನಿಮ್ ಲ್ಯಾಪ್‌ಟಾಪಲ್ಲೇ ಶುರು ಮಾಡಿ

"ಹ್ಯಾಕಿಂಗ್ ಹೇಳ್ಕೊಡಿ ಗುರು" ಅನ್ನೋರಲ್ಲಿ ಸುಮಾರು ಜನಕ್ಕೆ ಬೇಕಿರೋದು ಯಾರದೋ ಇನ್‌ಸ್ಟಾ ಪಾಸ್‌ವರ್ಡ್, ಅಂಥೋರು ಇಲ್ಲಿಗೇ ನಿಲ್ಲಿಸ್ಬೋದು. ನಿಜವಾದ ಕೆಲ್ಸ ಅಂದ್ರೆ ಗಂಟೆಗಟ್ಲೆ ಕೂತು ಓದೋದು, ಬೋರ್ ಹೊಡೆಯುತ್ತೆ.

ವರ್ಚುವಲ್‌ಬಾಕ್ಸ್ (ನಿಮ್ ಲ್ಯಾಪ್‌ಟಾಪ್ ಒಳಗೇ ಬೇರೆ ಕಂಪ್ಯೂಟರ್‌ಗಳನ್ನ ಓಡ್ಸೋ ಸಾಫ್ಟ್‌ವೇರ್) ಹಾಕ್ಕೊಳಿ, ಅದ್ರಲ್ಲಿ ಒಂದು ಕಾಲಿ ಲಿನಕ್ಸ್ (ಹ್ಯಾಕಿಂಗ್ ಟೂಲ್ಸ್ ತುಂಬಿರೋ ಓಎಸ್), ಇನ್ನೊಂದು ಮೆಟಾಸ್ಪ್ಲಾಯ್ಟಬಲ್ 2, ಇದು ಕಲಿಯೋರಿಗೋಸ್ಕರ ಬೇಕಂತಲೇ ತೂತು ಬಿಟ್ಟಿರೋ ಮಷೀನು, ಅದಕ್ಕೇ ಎರಡನ್ನೂ ಹೋಸ್ಟ್-ಓನ್ಲಿ (ಅಂದ್ರೆ ಲ್ಯಾಪ್‌ಟಾಪ್ ಒಳಗೇ ಇರೋ) ನೆಟ್‌ವರ್ಕಲ್ಲೇ ಇಡಿ, ಇಂಟರ್ನೆಟ್ಟಿಗೆ ಬಿಡ್ಬೇಡಿ. ಕಾಲಿಯಿಂದ ಮೆಟಾಸ್ಪ್ಲಾಯ್ಟಬಲ್ ಮೇಲೆ ಎನ್‌ಮ್ಯಾಪ್ (ಯಾವ ಪೋರ್ಟ್, ಅಂದ್ರೆ ನೆಟ್‌ವರ್ಕ್ ಬಾಗಿಲು, ತೆರೆದಿದೆ ಅಂತ ಹುಡುಕೋ ಟೂಲ್) ಓಡ್ಸಿ, ವರ್ಷನ್ ತೋರ್ಸೋ ಆಪ್ಷನ್ ಹಾಕಿ. ಪೋರ್ಟ್ 21ರಲ್ಲಿ ವಿಎಸ್‌ಎಫ್‌ಟಿಪಿಡಿ 2.3.4 (ಫೈಲ್ ಕಳ್ಸೋಕೆ ಬಳಸೋ ಎಫ್‌ಟಿಪಿ ಸರ್ವರ್) ಅಂತ ಬರುತ್ತೆ. 2011ರಲ್ಲಿ ಯಾರೋ ಇದ್ರ ಡೌನ್‌ಲೋಡ್ ಫೈಲಿಗೇ ಹಿಂಬಾಗಿಲು ಸೇರಿಸಿಟ್ಟಿದ್ರು, ಯೂಸರ್‌ನೇಮ್ ಜೊತೆ ಒಂದು ಸ್ಮೈಲಿ :) ಟೈಪ್ ಮಾಡಿದ್ರೆ ಪೋರ್ಟ್ 6200 ತೆರ್ಕೊಳ್ಳುತ್ತೆ, ಪಾಸ್‌ವರ್ಡ್ ಏನ್ ಕೊಟ್ರೂ ನಡಿಯುತ್ತೆ! ಯಾಕೆ ಹೀಗಾಯ್ತು ಅಂತ ಕೋಡ್ ಓದಿ ನೋಡಿ, ಕಲಿಯೋದು ಅಲ್ಲೇ.

ಬೇರೆಯವರ ಸಿಸ್ಟಮ್ ಆದ್ರೆ ಲಿಖಿತ ಪರ್ಮಿಷನ್ ಬೇಕೇ ಬೇಕು, ಬಾಯಿಮಾತು ಸಾಲಲ್ಲ. "ಬಾಗಿಲು ತೆಗೆದಿತ್ತು, ಹೋದೆ" ಅಂದ್ರೆ ಯಾರೂ ಕೇಳಲ್ಲ. 2000ರ ಐಟಿ ಕಾಯ್ದೆ ಸೆಕ್ಷನ್ 43ರಲ್ಲಿ ಅನುಮತಿ ಇಲ್ದೆ ಒಳಗೆ ಹೋಗೋದೇ ತಪ್ಪು, ಅದನ್ನೇ ಮೋಸದ ಉದ್ದೇಶದಿಂದ ಮಾಡಿದ್ರೆ 66ರಲ್ಲಿ 3 ವರ್ಷದವರೆಗೂ ಜೈಲು. ಅಕಸ್ಮಾತ್ ಎಲ್ಲೋ ತೂತು ಕಣ್ಣಿಗೆ ಬಿತ್ತಾ, ಅಲ್ಲೇ ನಿಲ್ಸಿ, ಕಂಪನಿಗೋ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೋ ಮೇಲ್ ಹಾಕಿ, ಪ್ರೂಫಿಗೆ ಅಂತ ಜನರ ಡೇಟಾ ಇಳಿಸ್ಕೊಳೋಕೆ ಮಾತ್ರ ಹೋಗ್ಬೇಡಿ.