ರೋಗದ ಪಾಠಕ್ಕೆ ಬೋರ್ಡಿನ ಮಧ್ಯೆ ಗೆರೆ ಎಳೀಬೇಡಿ

ಸಾಂಕ್ರಾಮಿಕ ರೋಗ, ದೀರ್ಘಕಾಲದ ರೋಗ ಅಂತ ಪಾಠ ಬಂದಾಗ ಬಹಳ ಶಾಲೆಗಳಲ್ಲಿ ಆಗೋದು ಒಂದೇ ಥರ. ಬೋರ್ಡಿನ ಮಧ್ಯೆ ಗೆರೆ, ಈ ಕಡೆ ನೆಗಡಿ, ಟಿಬಿ, ಡೆಂಗಿ, ಆ ಕಡೆ ಶುಗರ್, ಬಿಪಿ, ಕ್ಯಾನ್ಸರ್, ಬರ್ಕೊಳ್ಳಿ ಅಂದ್ರೆ ಮುಗೀತು. ಕುಮಟಾ ಕಡೆ ಪಾಠ ಮಾಡೋವಾಗ ನಾನೂ ಹಂಗೇ ಮಾಡಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಇನ್ಸುಲಿನ್ ತಗೊಳ್ಳೋ ಹುಡುಗಿ ಪಕ್ಕದವಳು ತಟ್ಟೆ ಎತ್ಕೊಂಡು ದೂರ ಹೋಗಿ ಕೂತ್ಲು. "ಅಕ್ಕೋರೇ, ಅವ್ಳ ಬಾಟ್ಲಿ ನೀರು ಕುಡಿದ್ರೆ ನಂಗೂ ಶುಗರ್ ಬರ್ತದಾ?" ಬೆಳಿಗ್ಗೆ ಅಷ್ಟೇ ಬರ್ಕೊಂಡಿದ್ಲು. ಅವತ್ತಿಂದ ಪಾಠ ಮಾಡೋ ರೀತಿನೇ ಬದಲಾಯ್ಸಿದೆ.

1. ಹುಡ್ರಿಗೆ ಗೊತ್ತಿರೋ ಕಾಯಿಲೆ ಹೆಸರನ್ನ ಒಂದೊಂದು ಚೀಟಿಲಿ ಬರೆಸಿ. ನಿಮ್ಮನೇಲಿ ಯಾರಿಗಿದೆ ಅಂತ ಮಾತ್ರ ಕೇಳ್ಲೇಬೇಡಿ.

2. ಒಬ್ಬನ ಅಂಗೈಗೆ ಕೊಬ್ಬರಿ ಎಣ್ಣೇಲಿ ಕಲಸಿದ ಅರಿಶಿನ ಹಚ್ಚಿ, ಕೈ ಕುಲುಕ್ತಾ ಹೋಗ್ಲಿ. ಬಾಗಿಲ ಚಿಲಕ, ಡಸ್ಟರ್, ಪಕ್ಕದವನ ಕೆನ್ನೆವರೆಗೂ ಹಳದಿ ಹೋಗಿರ್ತದೆ. ಬರೀ ನೀರಲ್ಲಿ ತೊಳೆದ್ರೆ ಹೋಗಲ್ಲ, ಸೋಪ್ ಹಾಕಿ 20 ಸೆಕೆಂಡ್ ತಿಕ್ಕಿದ್ರೆ ಬಹುಪಾಲು ಹೋಗ್ತದೆ, ಅದನ್ನ ಅವ್ರೇ ಮಾಡಿ ನೋಡ್ಬೇಕು. ಮಿನುಗೋ ಗ್ಲಿಟರ್ ಪುಡಿ ತರಬೇಡಿ, ಅದು ಪ್ಲಾಸ್ಟಿಕ್, ಕೊನೆಗೆ ಗಟಾರಕ್ಕೇ ಹೋಗೋದು.

3. ಎಲ್ರೂ ಎಡವೋದು ಇಲ್ಲೇ, ಅವಸರ ಬೇಡ, ಒಂದು ಪೀರಿಯಡ್ ಪೂರ್ತಿ ಕೊಡಿ. ಹರಡ್ತದಾ ಅನ್ನೋದು ಒಂದು ಪ್ರಶ್ನೆ, ಎಷ್ಟು ಕಾಲ ಇರ್ತದೆ ಅನ್ನೋದು ಬೇರೇನೇ ಪ್ರಶ್ನೆ. ಒಂದೇ ಗೆರೆ ಎಳೆದ್ರೆ ಎರಡೂ ಕಲಸಿ ಹೋಗ್ತದೆ. ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಮನೆ ಬರೀರಿ, ಚೀಟಿ ಹಿಡ್ಕೊಂಡವ್ರು ತಮ್ಮ ಮನೇಲಿ ಹೋಗಿ ನಿಲ್ಲಲಿ. ನೆಗಡಿ ಹರಡ್ತದೆ, ಬೇಗ ಹೋಗ್ತದೆ. ಮುರಿದ ಕೈ ಹರಡಲ್ಲ, ಕೂಡ್ಕೊಳ್ತದೆ. ಶುಗರ್ ಹರಡಲ್ಲ, ಜೊತೆಗೇ ಇರ್ತದೆ. ಟಿಬಿ ಚೀಟಿಯವನು ಮಾತ್ರ ಅತ್ಲಾಗೆ ಇತ್ಲಾಗೆ ಓಡಾಡ್ತಾನೆ, ಓಡಾಡ್ಲಿ ಬಿಡಿ. ಹರಡ್ತದೆ, ಆದ್ರೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗ್ಬೇಕು, ಹಾಗಾಗಿ ಅವನದು ನಾಲ್ಕನೇ ಮನೆ, ಹರಡೋದು, ಬಹಳ ಕಾಲ ಇರೋದು. ಹರಡೋದು ಕೆಮ್ಮಿದಾಗ ಗಾಳೀಲಿ, ತಟ್ಟೆ ಮುಟ್ಟಿದ್ರೆ ಅಲ್ಲ.

ಹರಡ್ತದೆ ಅಂದವ್ರಿಗೆ "ಯಾವ ದಾರೀಲಿ?" ಅಂತ ಬಿಡದೇ ಕೇಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವ್ರಿಗೆ ಮಂಗನ ಕಾಯಿಲೆಗಿಂತ ಒಳ್ಳೆ ಉದಾಹರಣೆ ಬೇಕಾ? 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಈಗ ನಮ್ಮ ಸಿದ್ದಾಪುರದ ಕಡೆಗೂ ಬಂದಿದೆ. ವೈರಸ್ ಬರೋದು ಮುಖ್ಯವಾಗಿ ಉಣುಗು (ರಕ್ತ ಹೀರೋ ಸಣ್ಣ ಹುಳ) ಕಚ್ಚಿ. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿದ್ದ ಉಣುಗು ಉದುರಿರ್ತಾವೆ, ಅದಕ್ಕೇ ಅಲ್ಲಿಗೆ ಹೋಗ್ಬೇಡಿ ಅನ್ನೋದು. ಮನುಷ್ಯರಿಂದ ಮನುಷ್ಯರಿಗೆ ಬರಲ್ಲ, ಹಾಗಾಗಿ ಜ್ವರ ಬಂದವ್ರ ಮನೆಗೆ ಹೋಗೋದು ಬಿಡಬೇಕಿಲ್ಲ.

ಇನ್ಸುಲಿನ್ ವಿಷಯಾನೂ ಇಲ್ಲೇ ಹೇಳ್ಬಿಡಿ, ಯಾರ ಹೆಸರೂ ಎತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣೋ ಟೈಪ್ 1 ಅನ್ನೋ ಥರದ ಶುಗರ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆನೇ ಇನ್ಸುಲಿನ್ ಮಾಡೋ ಕೋಶಗಳನ್ನ ಹಾಳು ಮಾಡ್ತದೆ. ಸಿಹಿ ಜಾಸ್ತಿ ತಿಂದಿದ್ದಕ್ಕೆ ಬಂದಿದ್ದಲ್ಲ, ಮಗೂದು ತಪ್ಪಿಲ್ಲ, ಅಪ್ಪ ಅಮ್ಮಂದೂ ಇಲ್ಲ.

4. ಡೆಂಗಿಗೆ ಹುಡ್ರನ್ನ ಹೊರಗೆ ಕರ್ಕೊಂಡು ಹೋಗಿ ತೆಂಗಿನ ಚಿಪ್ಪು, ಹಳೇ ಟಯರ್, ಅಡಿಕೆ ಹಾಳೆ ಹುಡುಕ್ಸಿ. ನೀರು ಚೆಲ್ಲಿದ್ರೆ ಸಾಲಲ್ಲ, ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕ್ತದೆ, ಡ್ರಮ್ಮಿನ ಒಳಗೋಡೆ ತಿಕ್ಕಿ ತೊಳೀಬೇಕು.

5. ಬಿಪಿ ಪಾಠಕ್ಕೆ ಒಂದು ಟೀ ಚಮಚ ಉಪ್ಪು ಕಾಗದದ ಮೇಲೆ ಸುರೀರಿ, ಸುಮಾರು 5 ಗ್ರಾಂ. ದಿನಕ್ಕೆ ಇಷ್ಟರೊಳಗೆ ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಅದರಲ್ಲೇ ಮಿಡಿ ಉಪ್ಪಿನಕಾಯಿ, ಒಣ ಶೆಟ್ಲಿ (ಸೀಗಡಿ), ಚಿಪ್ಸ್ ಎಲ್ಲಾ ಸೇರ್ಬೇಕು. ಕೊಳೆತ ಶ್ವಾಸಕೋಶದ ಫೋಟೋ ಇರೋ ಚಾರ್ಟ್ ಅಂಗಡೀಲಿ ಸಿಗ್ತದೆ, ತರಬೇಡಿ, ಹುಡ್ರು ಮುಖ ಮುಚ್ಕೊಳ್ತಾರೆ ಅಷ್ಟೇ, ಕಲಿಯೋದು ಏನೂ ಇಲ್ಲ.

6. ವಾರ ಬಿಟ್ಟು ಚೀಟಿಗಳನ್ನ ಕಲಸಿ ಮತ್ತೆ ಹಂಚಿ. ಟಿಬಿ, ಶುಗರ್ ಚೀಟಿ ಸಿಕ್ಕವ್ರು ಯಾವ ಮನೇಲಿ ನಿಲ್ತಾರೆ ನೋಡಿ, ತಪ್ಪಿದ್ರೆ ಮೂರನೇದನ್ನ ಇನ್ನೊಂದು ಸಲ ಮಾಡಿ.